ಆರು ನಿಮಿಷದ ಅಜ್ಜ

ಈ ಸಂಗತಿ ಹೇಳಲು ಕೂತರೆ ನನ್ನ ಸ್ವರ ತಾನಾಗಿ ಏರುತ್ತದೆ. ಮೆಲ್ಲಗೆ ಹೇಳು, ಪಕ್ಕದ ಫ್ಲ್ಯಾಟಿನವರಿಗೂ ಕೇಳಿಸುತ್ತದೆ ಎಂದು ನನ್ನ ಗಂಡ ಗದರುತ್ತಾರೆ. ಕೇಳಿಸಲಿ ಬಿಡಿ. ಬದುಕಿನಲ್ಲಿ ಒಂದೇ ಒಂದು ಸಲ ನಡುಸಮುದ್ರದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತವಳು ನಾನು. ಅದನ್ನು ಪಿಸುಗುಟ್ಟಿ ಹೇಳಲು ನನ್ನಿಂದ ಆಗುವುದಿಲ್ಲ.

ನಾನು ನರ್ಸು. ಊರು ಕುಂದಾಪುರದ ಹತ್ತಿರ ಕಡಲ ದಂಡೆ, ಅಪ್ಪ ಮೀನು ಹಿಡಿಯುವವರು. ಬಹ್ರೇನಿಗೆ ಬಂದು ಹತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದೆ. ಬೆನ್ನುನೋವು ಶುರುವಾದ ಮೇಲೆ ಮನೆಗೇ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ಹಾಗೆ ನನ್ನ ಪಾಲಿಗೆ ಬಂದವರು ಜುಫೈರಿನ ಒಂದು ಕಟ್ಟಡದ ಹದಿನೇಳನೇ ಮಹಡಿಯಲ್ಲಿದ್ದ ಅಮೆರಿಕದ ಅಜ್ಜ. ಮಗಳು ಇಲ್ಲಿ ಶಾಲೆಯಲ್ಲಿ ಟೀಚರು. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ತನ್ನ ಹತ್ತಿರ ಕರೆಸಿಕೊಂಡಿದ್ದಳು. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಅಜ್ಜ ನನ್ನ ವಶ. ಎಂಬತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ, ಜೊತೆಗೆ ಮರೆವು. ತಿಂಡಿ ತಿಂದು ಹತ್ತು ನಿಮಿಷಕ್ಕೆ, ಸಿಸ್ಟರ್, ತಿಂಡಿ ಆಗಲಿಲ್ಲವಲ್ಲ ಎನ್ನುತ್ತಿದ್ದರು. ನಾನು ತಟ್ಟೆ ತಂದು ತೋರಿಸಿದರೆ, ಇದು ನಿನ್ನದಿರಬೇಕು ಎಂದು ನಗುತ್ತಿದ್ದರು. ಕಿಲಾಡಿ.

ಆದರೆ ಹೊತ್ತಿನ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಅವರ ದಿನವೆಲ್ಲ ಆರು ನಿಮಿಷದ ತುಂಡುಗಳಲ್ಲಿ ನಡೆಯುತ್ತಿತ್ತು. ಮೊಟ್ಟೆ ಬೇಯಲು ಒಂದು ಆರು, ಸ್ನಾನಕ್ಕೆ ಎರಡು ಆರು, ಮಗಳ ಕಾರು ಶಾಲೆಯಿಂದ ಮನೆಗೆ ಬರಲು ಮೂರು ಆರು. ಇದೇನು ಸಾರ್ ನಿಮ್ಮ ಹುಚ್ಚು ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ. ಆಗ ಶುರುವಾಯಿತು ನೋಡಿ ಅವರ ಯುದ್ಧದ ಕಥೆ.

ಅಜ್ಜ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಬಾಂಬರ್ ವಿಮಾನದ ನ್ಯಾವಿಗೇಟರ್ ಆಗಿದ್ದವರು. ಎಂದರೆ ವಿಮಾನ ಓಡಿಸುವವರಲ್ಲ, ಅದು ಎಲ್ಲಿದೆ, ಎತ್ತ ಹೋಗಬೇಕು, ಎಷ್ಟು ಹೊತ್ತಿಗೆ ಬಾಂಬು ಹಾಕುವ ಜಾಗ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ಹೇಳುವವರು. ಪೆಸಿಫಿಕ್ ಸಮುದ್ರದ ಒಂದು ದ್ವೀಪದಲ್ಲಿ ಅವರ ಠಾಣೆ. ಅಲ್ಲಿಂದ ಎದ್ದರೆ ಹೋಗಿ ಬರಲು ಹನ್ನೆರಡು ಗಂಟೆ, ಹೆಚ್ಚುಪಾಲು ನೀರಿನ ಮೇಲೆ. ಒಳಗೆ ಆರು ಜನ. ಪೈಲಟ್‌ಗಳು ಮೇಲಿನ ಅಂತಸ್ತಿನಲ್ಲಿ, ಇವರು ಮತ್ತು ರೇಡಾರಿನವರು ಕೆಳಗಿನದರಲ್ಲಿ. ಅಲ್ಲಿ ಒಂದೂ ಕಿಟಕಿ ಇಲ್ಲ. ಸಣ್ಣ ದೀಪ, ಮೇಜು, ನಕ್ಷೆ, ಪೆನ್ಸಿಲು, ಗಡಿಯಾರ, ಅಷ್ಟೇ ಅವರ ಲೋಕ. ಅಪಾಯ ಬಂದರೆ ಮೇಲಿನವರನ್ನು ಸೀಟು ಮೇಲಕ್ಕೆ ಹಾರಿಸುತ್ತದಂತೆ, ಇವರಿಬ್ಬರನ್ನು ಕೆಳಕ್ಕೆ! ಕೇಳಿ ನಾನು ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡೆ. ಅಜ್ಜ ಮಾತ್ರ ಕಣ್ಣು ಅರಳಿಸಿ ಹೇಳುತ್ತಿದ್ದರು.

ಆರು ನಿಮಿಷ ಎಂದರೆ ಗಂಟೆಯ ಹತ್ತನೇ ಒಂದು ಪಾಲು. ಗಂಟೆಗೆ ಇಷ್ಟು ಮೈಲಿ ವೇಗ ಎಂದರೆ, ಆರು ನಿಮಿಷಕ್ಕೆ ಅದರ ಹತ್ತರಲ್ಲೊಂದು ಪಾಲು ದೂರ. ದೊಡ್ಡ ಲೆಕ್ಕ ಬೇಡ, ಬೆರಳಲ್ಲೇ ಆಗುತ್ತದೆ. ಆರಾರು ನಿಮಿಷಕ್ಕೆ ನಕ್ಷೆಯ ಮೇಲೆ ಒಂದು ಚುಕ್ಕೆ ಇಡುತ್ತ ಹೋದರೆ ಎಂಥ ಕತ್ತಲೆಯಲ್ಲೂ ನೀನು ಎಲ್ಲಿದ್ದೀಯ ಎಂದು ಗೊತ್ತಿರುತ್ತದೆ ಎನ್ನುತ್ತಿದ್ದರು. ನೂರಕ್ಕೂ ಹೆಚ್ಚು ಸಲ ಹೋಗಿ ಬಂದರಂತೆ, ಒಂದು ಸಲವೂ ದಾರಿ ತಪ್ಪಲಿಲ್ಲವಂತೆ. ಕೆಳಗೆ ಹೇಗೆ ಕಾಣಿಸುತ್ತಿತ್ತು ಸಾರ್ ಎಂದು ಕೇಳಿದ್ದಕ್ಕೆ, ನನಗೇನೂ ಕಾಣಿಸುತ್ತಿರಲಿಲ್ಲವಲ್ಲ ಎಂದು ಹೇಳಿ ಕಾಫಿ ಕೇಳಿದರು.

ಆ ಚಟ ಇನ್ನೂ ಬಿಟ್ಟಿರಲಿಲ್ಲ. ಕಾರಿನಲ್ಲಿ ಕೂರಿಸಿಕೊಂಡು ಅವಾಲಿಯ ಕಡೆ ತಿರುಗಾಡಿಸಲು ಹೋದರೂ ನಾನು ಅವರ ಮಾತ್ರೆ ಬರೆದಿಡುವ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನೇನೋ ಗೀಚುತ್ತಿದ್ದರು. ಎಷ್ಟು ಗಂಟೆ, ಎತ್ತ ಮುಖ, ಎಷ್ಟು ವೇಗ. ಸಾರ್, ಅದು ಡಾಕ್ಟರಿಗೆ ತೋರಿಸುವ ಕಾಗದ ಎಂದು ನಾನು ಎಷ್ಟು ಬೈದರೂ ನಾಯಿಬಾಲ ನೆಟ್ಟಗಾಗಲಿಲ್ಲ.

ಈಗ ನನ್ನ ತಮ್ಮನ ವಿಷಯ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಪ್ಪನ ಜೊತೆ ಹನ್ನೆರಡನೇ ವಯಸ್ಸಿಗೇ ದೋಣಿ ಹತ್ತಿದವನು. ಇಲ್ಲಿ ಮೊದಲು ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಅಸ್ಕರಿನ ಕಡೆಯ ದಂಡೆಯಲ್ಲಿ ಒಬ್ಬ ಅರಬಾಬನ, ಎಂದರೆ ಇಲ್ಲಿಯ ಧಣಿಯ, ಬೋಟು ನಡೆಸಲು ಶುರುಮಾಡಿ ಎರಡೇ ತಿಂಗಳಾಗಿತ್ತು. ಜನರನ್ನು ಗಾಳ ಹಾಕಲು ಕರೆದುಕೊಂಡು ಹೋಗಿ ಬರುವ ಕೆಲಸ. ಅವನಿಗೆ ಒಂದೇ ಭಯ. ಆ ದಂಡೆಯಿಂದ ಸುಮ್ಮನೆ ಮುಂದೆ ಹೋದರೆ ಸ್ವಲ್ಪ ದೂರಕ್ಕೇ ಪಕ್ಕದ ದೇಶದ ನೀರು. ಗೆರೆ ದಾಟಿ ಸಿಕ್ಕಿಬಿದ್ದರೆ ಬೋಟು ಹೋಯಿತು, ಲೈಸೆನ್ಸ್ ಹೋಯಿತು, ಪರದೇಶದ ಜೈಲಿನಲ್ಲಿ ಎಷ್ಟು ತಿಂಗಳೋ ಯಾರಿಗೆ ಗೊತ್ತು. ನಮ್ಮ ಪರಿಚಯದ ಒಬ್ಬ ಹಾಗೆ ಸಿಕ್ಕಿಬಿದ್ದು, ಮನೆಯವರಿಗೆ ಅವನ ಸುದ್ದಿ ಸಿಗಲು ತಿಂಗಳೇ ಹಿಡಿದಿತ್ತು. ಊರಿನಲ್ಲಿ ತಮ್ಮನ ಹೆಂಡತಿಗೆ ಆಗ ಎಂಟು ತಿಂಗಳು. ಮುಂದಿನ ವಾರ ಅವನು ರಜೆಗೆ ಹೊರಡುವವನಿದ್ದ.

ಅಜ್ಜನಿಗೆ ತಮ್ಮನ ಬೋಟಿನ ಸುದ್ದಿ ಹೇಳಿದ್ದೇ ನನ್ನ ತಪ್ಪು. ಅಂದಿನಿಂದ ಹಠ. ಮಗಳು ಕೊನೆಗೆ ಒಪ್ಪಿದಳು, ಬೆಳಿಗ್ಗೆ ಬೆಳಿಗ್ಗೆ ಎರಡು ಗಂಟೆಯ ಮಟ್ಟಿಗೆ ಹೋಗಿ ಬನ್ನಿ ಎಂದಳು. ಬೋಟಿನಲ್ಲಿ ನಾವು ಮೂರೇ ಜನ. ಅಜ್ಜನಿಗೆ ಲೈಫ್ ಜಾಕೆಟ್ ತೊಡಿಸಿ, ಟೋಪಿಯ ದಾರ ಗದ್ದಕ್ಕೆ ಕಟ್ಟಿ, ನೀರಿನ ಬಾಟಲಿ, ಬಿಸ್ಕತ್ತು, ಮಾತ್ರೆ ಎಲ್ಲ ಹೊತ್ತು ಹತ್ತಿದೆ. ದಂಡೆ ಬಿಟ್ಟ ಕೂಡಲೇ ಅಜ್ಜ ನನ್ನ ಪಟ್ಟಿಗಾಗಿ ಕೈ ಚಾಚಿದರು. ಆವತ್ತು ನಾನು ಬೈಯಲಿಲ್ಲ, ಅಷ್ಟು ಖುಷಿಯಲ್ಲಿದ್ದರು.

ನಾಲ್ಕು ಆರು ಹೊರಕ್ಕೆ ಹೋದೆವು. ನೀಲಿ ನೀರು, ತಣ್ಣನೆಯ ಗಾಳಿ. ಇಂಜಿನ್ ನಿಲ್ಲಿಸಿ, ಬೋಟನ್ನು ನೀರಿನ ಪಾಡಿಗೆ ಬಿಟ್ಟು ಗಾಳ ಹಾಕಿದರೆ ಅಜ್ಜನಿಗೇ ಮೊದಲ ಮೀನು! ಒಳ್ಳೇ ಮೊಳದುದ್ದದ ಹಮೂರು. ನಾನು ಚಪ್ಪಾಳೆ ಹೊಡೆದೆ. ಆ ಗಲಾಟೆಯಲ್ಲಿ ಬಡಗಿನಿಂದ ಏಳುತ್ತಿದ್ದ ಧೂಳನ್ನು ಮೂವರಲ್ಲಿ ಯಾರೂ ನೋಡಲಿಲ್ಲ. ನೋಡುವಾಗ ತಡವಾಗಿತ್ತು. ದಂಡೆ ಇಲ್ಲ, ಸೂರ್ಯ ಇಲ್ಲ, ಆಕಾಶಕ್ಕೂ ನೀರಿಗೂ ಒಂದೇ ಬಣ್ಣ.

ತಮ್ಮ ನಗುತ್ತಲೇ ಜಿಪಿಎಸ್ ಪರದೆ ನೋಡಿದ. ನಗು ಅಲ್ಲೇ ನಿಂತಿತು. ಪರದೆಯ ಪ್ರಕಾರ ನಮ್ಮ ಬೋಟು ವಿಮಾನ ನಿಲ್ದಾಣದ ರನ್‌ವೇ ಮೇಲೆ ನಿಂತಿತ್ತು. ನನ್ನ ಮೊಬೈಲು ನೋಡಿದರೆ ಅದೂ ಅದನ್ನೇ ಹೇಳುತ್ತದೆ. ಈಗೀಗ ಇಲ್ಲಿ ಹೀಗಾಗುತ್ತದೆ, ಯಾರೋ ಎಲ್ಲಿಂದಲೋ ಸಿಗ್ನಲ್ ಕೆಡಿಸುತ್ತಾರೆ, ಕಾರಿನವರು ಬೈದುಕೊಂಡು ರಸ್ತೆಬದಿಯ ಕೈಬೋರ್ಡು ನೋಡಿ ಹೋಗುತ್ತಾರೆ. ಸಮುದ್ರದಲ್ಲಿ ಯಾವ ಕೈಬೋರ್ಡು? ರೇಡಿಯೋದಲ್ಲಿ ಒಂದು ದನಿ ನೀವು ಎಲ್ಲಿದ್ದೀರಿ ಎಂದು ಕೇಳಿತು. ಅದನ್ನೇ ತಾನೇ ನಾವು ತಿಳಿಯಬೇಕಾಗಿದ್ದದ್ದು. ತಮ್ಮ ಮೈಕು ಕೆಳಗಿಟ್ಟ.

ಆಮೇಲೆ ನಾವಿಬ್ಬರೂ ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಅಪ್ಪ ನಮಗೆ ಕಲಿಸಿದ ಮೊದಲ ಪಾಠ ಒಂದಿತ್ತು. ಕಡಲಲ್ಲಿ ದಿಕ್ಕು ತಪ್ಪಿದರೆ ಮೂಡಕ್ಕೆ ಮುಖ ಮಾಡು, ಊರು ಸಿಕ್ಕೇ ಸಿಕ್ಕುತ್ತದೆ. ನಮ್ಮ ಕಡೆ ಪಡು ಎಂದರೆ ಕಡಲು, ಮೂಡು ಎಂದರೆ ಮನೆ. ಅದು ತಲೆಯಲ್ಲಿ ಇರುವ ಪಾಠವಲ್ಲ, ಮೈಯಲ್ಲಿ ಇರುವುದು. ತಮ್ಮ ದಿಕ್ಸೂಚಿಯ ಮೇಲೆ ಕೈ ಇಟ್ಟು ಹೇಳಿದ:

"ಹೆದರ್ಬೇಡ ಅಕ್ಕಾ. ಮೂಡಕ್ಕೆ ಬಿಟ್ರೆ ಆಯ್ತ್, ಮನಿ ಸಿಕ್ಕತ್ತ್."

"ಹೌದ್ ಮಾರಾಯ, ಬೇಗ ಬಿಡ್," ಎಂದೆ ನಾನು. ಅಪ್ಪನನ್ನು ನೆನೆದು ಕೈ ಕೂಡ ಮುಗಿದೆ.

ಬೋಟು ಮೂಡಕ್ಕೆ ತಿರುಗಿತು. ಏನೂ ಕಾಣದ್ದರಿಂದ ತಮ್ಮ ಮೆಲ್ಲಗೆ ಓಡಿಸುತ್ತಿದ್ದ. ಅಜ್ಜ ಬಿಸ್ಕತ್ತು ತಿನ್ನುತ್ತ, ಗಡಿಯಾರ ನೋಡುತ್ತ, ಗೀಚುತ್ತ ಕೂತಿದ್ದರು. ಒಂದು ಆರು ಕಳೆಯಿತು. ಎರಡನೆಯದು ಮುಗಿಯುವ ಹೊತ್ತಿಗೆ ತಲೆಯೆತ್ತಿ, ಪೂರ್ವಕ್ಕೆ ಯಾಕೆ ಹೋಗುತ್ತಿದ್ದೇವೆ ಎಂದು ಕೇಳಿದರು. ಮನೆ ಆ ಕಡೆ ಸಾರ್ ಎಂದೆ. ಅಜ್ಜ ನನ್ನನ್ನೇ ನೋಡಿದರು.

"ಯಾರ ಮನೆ?"

ಅಯ್ಯೋ ದೇವರೇ. ಇದು ಕುಂದಾಪುರದ ಕಡಲಲ್ಲ. ಅಸ್ಕರ್ ಇರುವುದು ಬಹ್ರೇನಿನ ಮೂಡು ದಂಡೆಯಲ್ಲಿ. ಇಲ್ಲಿ ಮನೆ ಪಡುವಿಗೆ. ಮೂಡಕ್ಕೆ ಹೋದರೆ ಸಿಕ್ಕುವುದು ಆ ಗೆರೆ, ಅದರಾಚೆ ಜೈಲು. ಮೀನುಗಾರರ ಮಕ್ಕಳು ಇಬ್ಬರು, ಕಡಲಿನ ಉಪ್ಪು ತಿಂದು ಬೆಳೆದವರು, ನಮ್ಮ ಕೈಯಾರೆ ನಮ್ಮ ಬೋಟನ್ನು ಅತ್ತ ಓಡಿಸುತ್ತಿದ್ದೆವು! ತಮ್ಮ ಥಟ್ಟನೆ ಇಂಜಿನ್ ನಿಲ್ಲಿಸಿದ. ಮುಖದಲ್ಲಿ ರಕ್ತವಿರಲಿಲ್ಲ. ದಾಟಿಬಿಟ್ಟೆವಾ ಅಕ್ಕಾ, ದಾಟಿಬಿಟ್ಟೆವಾ ಎಂದು ಅದನ್ನೇ ಕೇಳುತ್ತಿದ್ದ. ಲಂಗರು ಹಾಕಿ ಕಾಯೋಣ ಎಂದ. ಧೂಳು ಎರಡು ದಿನ ಇದ್ದರೆ? ನಿಂತ ಜಾಗವೇ ಗೆರೆಯ ಆಚೆಗಿದ್ದರೆ? ಹಿಡಿದುಕೊಂಡು ಹೋಗಿ ಎಂದು ಕೂತಂತೆ ಆಗುತ್ತದಲ್ಲ ಎಂದು ನಾನು ರೇಗಿದೆ.

ಅಜ್ಜ ಮಾತ್ರ ಬೇರೆಯೇ ಮನುಷ್ಯರಾಗಿದ್ದರು. ಬೆನ್ನು ನೆಟ್ಟಗಾಗಿತ್ತು. ಕೈ ನಡುಗುತ್ತಿರಲಿಲ್ಲ, ನಾನು ಖುದ್ದು ನೋಡಿದ್ದೇನೆ. ಮಾತ್ರೆ ಪಟ್ಟಿಯ ಹಿಂಬದಿಯಲ್ಲಿ ಹೊರಟ ಗಂಟೆ, ಮುಖ ಮಾಡಿದ ದಿಕ್ಕು, ವೇಗ, ಗಾಳ ಹಾಕುವಾಗ ನೀರು ನಮ್ಮನ್ನು ಯಾವ ಕಡೆ ಎಳೆಯಿತು, ಮೂಡಕ್ಕೆ ಓಡಿದ ಎರಡು ಆರು, ಎಲ್ಲ ಬರೆದಿತ್ತು. ಬಿಸ್ಕತ್ತಿನ ಪ್ಯಾಕೆಟ್ಟಿನ ಅಂಚನ್ನೇ ಅಳತೆಕೋಲು ಮಾಡಿ ಗೆರೆ ಎಳೆದರು. ಗಡಿ ದಂಡೆಯಿಂದ ಎಷ್ಟು ದೂರ ಎಂದು ತಮ್ಮನನ್ನು ಕೇಳಿಕೊಂಡು, ಗಡಿ ದಾಟಿಲ್ಲ, ಆದರೆ ಹತ್ತಿರವಿದ್ದೇವೆ ಎಂದರು. ಪಡುವಣಕ್ಕೆ, ಸ್ವಲ್ಪ ಬಡಗಿಗೆ ವಾಲಿಸಿ, ಇದೇ ಮೆಲ್ಲಗಿನ ವೇಗದಲ್ಲಿ ಒಂಬತ್ತು ಆರು. ಹೊರಟಿದ್ದ ಜಾಗಕ್ಕೇ ಮುಟ್ಟುತ್ತೇವೆ ಎಂದರು.

ತಮ್ಮ ಚುಕ್ಕಾಣಿ ಮುಟ್ಟಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿದ.

"ಈ ಅಜ್ಜಂಗೆ ಬೆಳಿಗ್ಗೆ ತಿಂದದ್ದೇ ನೆನ್ಪಿರೂದಿಲ್ಲ ಅಂತ ನೀನೇ ಹೇಳಿದ್ದಲ್ದಾ? ಇವ್ರನ್ನ ನಂಬೂದಾ ಅಕ್ಕಾ?"

ಸತ್ಯವೇ. ಎರಡು ದಿನದ ಹಿಂದೆ ಇದೇ ಅಜ್ಜ ಸ್ನಾನದ ಮನೆಯ ಬಾಗಿಲೆಂದು ಕಪಾಟಿನ ಬಾಗಿಲು ತೆರೆದಿದ್ದರು. ಒಂದು ಕಡೆ ಕಡಲು ಬಲ್ಲ ನನ್ನ ತಮ್ಮ, ಅವನಿಗಾಗಿ ಕಾಯುತ್ತಿರುವ ಎಂಟು ತಿಂಗಳ ಬಸುರಿ. ಇನ್ನೊಂದು ಕಡೆ ಮರೆವಿನ ಮುದುಕ, ಕೈಯಲ್ಲಿ ನನ್ನದೇ ಕಾಗದ. ಹೇಳಬೇಕಾದವಳು ನಾನು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡಿ.

"ತಿಂದದ್ದ್ ನೆನ್ಪಿಲ್ದಿರ್ಲಿ. ಬರ್ದದ್ದ್ ಕಾಗ್ದದ್ ಮೇಲಿತ್ತ್. ಅವ್ರ್ ಹೇಳ್ದಾಂಗೆ ಬಿಡ್. ನಡುವಲ್ಲಿ ಚುಕ್ಕಾಣಿ ಅಲ್ಲಾಡ್ಸಿರೆ ಕೈ ಮುರೀತೆ."

ಬಿಟ್ಟ. ಒಂದು, ಎಂದು ಅಜ್ಜ ಕೂಗಿದರು. ಎರಡು. ಎಲ್ಲೆಲ್ಲೂ ಬೂದು ಬಣ್ಣ, ಹಲ್ಲಿನ ನಡುವೆ ಮರಳು. ಮೂರು ಎನ್ನುವಷ್ಟರಲ್ಲಿ ನಮ್ಮ ಹಿಂದುಗಡೆ ಇಂಜಿನಿನ ಸದ್ದು. ನಮ್ಮದಲ್ಲ, ದೊಡ್ಡದು. ತಮ್ಮ ತಲೆ ತಗ್ಗಿಸಿದ, ತಗ್ಗಿಸಿದರೆ ಬೋಟು ಕಾಣದೆ ಹೋಗುತ್ತದೇನೋ ಎಂಬಂತೆ. ಸದ್ದು ಬಂತು, ಬಂತು, ಬೆನ್ನ ಹಿಂದೆಯೇ ಹಾದು ತೆಂಕಿಗೆ ಹೋಯಿತು. ಯಾರ ಬೋಟೋ, ಯಾವ ದೇಶದ್ದೋ, ಇವತ್ತಿಗೂ ಗೊತ್ತಿಲ್ಲ. ನನಗೆ ತಿಳಿದ ದೇವರ ಹೆಸರೆಲ್ಲ ಮುಗಿದು, ಪಕ್ಕದ ಫ್ಲ್ಯಾಟಿನವರ ದೇವರಿಗೂ ಹರಕೆ ಹೇಳಿಕೊಂಡೆ. ಅಜ್ಜ ನಾಲ್ಕು ಎಂದರು, ಅದೇ ಸ್ವರದಲ್ಲಿ.

ಆದರೂ ನಿಜ ಹೇಳುತ್ತೇನೆ, ಐದಾದ ಮೇಲೆ ನನಗೆ ಹೆದರಿಕೆಯ ಜೊತೆಗೆ ಇನ್ನೇನೋ ಏರತೊಡಗಿತು. ಅಜ್ಜನ ಮುಖ ನೋಡಿದೆ. ಕೆನ್ನೆ ಕೆಂಪಾಗಿತ್ತು. ಮಧ್ಯೆ ಮಧ್ಯೆ ತಮ್ಮನಿಗೆ ಎರಡು ಡಿಗ್ರಿ ಎಡಕ್ಕೆ, ಹಾಂ, ಹಾಗೇ ಹಿಡಿ ಎನ್ನುತ್ತಿದ್ದರು. ತಮ್ಮನೂ ಯೆಸ್ ಸಾರ್, ಯೆಸ್ ಸಾರ್ ಎಂದು ತಿರುಗಿಸುತ್ತಿದ್ದ. ನನಗೂ ಒಂದು ಕೆಲಸ ಸಿಕ್ಕಿತು. ಉದ್ದದ ಕೋಲು ಇಳಿಬಿಟ್ಟು ನೀರಿನ ಆಳ ನೋಡಿ ಕೂಗುವುದು. ಬೆನ್ನುನೋವು ಎಲ್ಲಿ ಹೋಯಿತೋ! ಆ ಒಂದು ಗಂಟೆ ನಾನು ಕೂಡ ಆ ವಿಮಾನದ ಆರು ಜನರಲ್ಲಿ ಒಬ್ಬಳಾಗಿದ್ದೆ.

ಒಂಬತ್ತು ಎಂದರು. ದಂಡೆ ಇಲ್ಲ.

ತಮ್ಮ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. ನಾನು ಅಜ್ಜನ ಕಡೆ ತಿರುಗಿದೆ. ಅವರು ಕಾಗದ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಹಾಗೇ ಹಿಡಿ ಎಂದಷ್ಟೇ ಹೇಳಿದರು. ಒಂದು ನಿಮಿಷ. ಎರಡು. ನನ್ನ ಕೋಲು ಟಕ್ಕೆಂದು ನೆಲ ಮುಟ್ಟಿತು. ಎದುರಿಗೆ ಬೂದು ಬಣ್ಣದ ಒಳಗೆ ಇನ್ನೊಂದು ಬೂದು ಬಣ್ಣ ನೆಟ್ಟಗೆ ನಿಂತಿತ್ತು. ಕಾರ್ಖಾನೆಯ ಚಿಮಣಿ! ಅದರ ಪಕ್ಕ ಇನ್ನೊಂದು. ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯನ್ನು ನೋಡಿ ಹಾಗೆ ಕಿರುಚಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ತಮ್ಮ ಅಳುತ್ತ ನಗುತ್ತ ಬೋಟನ್ನು ಮರಳಿಗೆ ತಂದು ನಿಲ್ಲಿಸಿದ. ಇಳಿದವನೇ ಅಜ್ಜನ ಕಾಲು ಹಿಡಿದ. ಅಜ್ಜ ಗಾಬರಿಯಾಗಿ, ಕಾಲಿಗೆ ಏನಾದರೂ ಆಗಿದೆಯೇ ಎಂದು ನನ್ನನ್ನು ಕೇಳಿದರು.

ಆಮೇಲೆ ಅವರು ಮೊದಲು ಕೇಳಿದ್ದು, ಹೊರಟಿದ್ದು ಇಲ್ಲಿಂದಲೇ ಏನು ಎಂದು. ತಮ್ಮ ಅತ್ತಿತ್ತ ನೋಡಿ, ತನ್ನ ಕಾರು ನಿಂತಿದ್ದ ಕಡೆ ಕೈ ತೋರಿಸಿದ. ಧೂಳಿನಲ್ಲಿ ಕಾರು ಕಾಣಿಸುತ್ತಿರಲಿಲ್ಲ.

"ಬರೀ ಅರ್ಧ ಮೈಲಿ ಆಚೀಚೆ ಸಾರ್! ಜಿಪಿಎಸ್ ಇಲ್ಲದೆ ಬರೀ ಅರ್ಧ ಮೈಲಿ. ಅದು ಏನೇನೂ ಅಲ್ಲ."

"ಅರ್ಧ ಮೈಲಿ," ಎಂದರು ಅಜ್ಜ.

ಕಾರು ತರುತ್ತೇನೆ, ಕೂತಿರಿ ಎಂದ ತಮ್ಮ. ಅಜ್ಜ ಬೇಡ ಎಂದು ನನ್ನ ತೋಳು ಹಿಡಿದು ನಡೆಯತೊಡಗಿದರು. ನನಗೆ ಖುಷಿಗೆ ಬಾಯಿ ನಿಲ್ಲುತ್ತಿರಲಿಲ್ಲ, ನೀವು ದೇವರು ಸಾರ್, ಊರಿನಲ್ಲಿ ಹುಟ್ಟುವ ಮಗುವಿಗೆ ನಿಮ್ಮ ಹೆಸರೇ ಇಡಿಸುತ್ತೇನೆ ಎಂದು ಒದರುತ್ತ ಬಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಮೊದಲು ಬಲೆ ಒಣಗಿಸಿದ್ದ ಒಂದು ಶೆಡ್ಡು. ಅದರ ಮರೆಯಲ್ಲಿ ಕೂತಿದ್ದ ನಾಲ್ಕು ಜನ ಬಾಂಗ್ಲಾದವರು, ಸಲಾಂ ಎಂದರು. ಆಮೇಲೆ ಒಂದು ಸಣ್ಣ ಮಸೀದಿ. ಕೆಲಸಗಾರರ ಕ್ಯಾಂಪು, ತಂತಿಯ ಮೇಲೆ ಸಾಲಾಗಿ ಒಣಗಲು ಹಾಕಿದ ನೀಲಿ ಅಂಗಿಗಳು. ಕರಕ್ ಚಾ ಅಂಗಡಿ. ಒಂದು ಮನೆ, ಅಂಗಳದಲ್ಲಿ ಮೂರು ಚಕ್ರದ ಸೈಕಲ್ಲು ಅಡ್ಡ ಬಿದ್ದಿತ್ತು. ಬಾಗಿಲಲ್ಲಿ ಹೆಂಗಸೊಬ್ಬಳು ಧೂಳು ಗುಡಿಸುತ್ತಿದ್ದಳು. ಇನ್ನೂ ಒಂದು ಮನೆ. ಅಜ್ಜ ಪ್ರತಿಯೊಂದರ ಎದುರು ನಿಂತು ನೋಡುತ್ತಿದ್ದರು. ಧೂಳಿಗೆ ಸುಸ್ತಾಗಿದೆ ಎಂದುಕೊಂಡು ನೀರು ಕೊಟ್ಟೆ, ಕುಡಿಯಲಿಲ್ಲ.

ಕಾರಿನ ಹತ್ತಿರ ಬಂದಾಗ ಬಾಗಿಲಿಗೆ ಒರಗಿ, ನಡೆದು ಬಂದ ದಾರಿಯ ಕಡೆ ತಿರುಗಿ ನಿಂತರು.

"ನನ್ನ ನಕ್ಷೆಯಲ್ಲಿ ಅರ್ಧ ಮೈಲಿ ಎಂದರೆ ಪೆನ್ಸಿಲಿನ ಗೆರೆಯ ದಪ್ಪ ಅಷ್ಟೇ, ಸಿಸ್ಟರ್. ಅದರಲ್ಲಿ ಇಷ್ಟೆಲ್ಲ ಇರುತ್ತದೆಯೇ?"

ಕಿಟಕಿಯಿಲ್ಲದ ಆ ವಿಮಾನದ ಬಾಂಬುಗಳು ಏನೇನರ ಮೇಲೆ ಬಿದ್ದಿರಬಹುದು ಎಂದು ನನಗೆ ಆಗ ಹೊಳೆಯಿತು. ಮೊದಲೇ ನಡೆದು ಬಂದು ಸ್ಟೀರಿಂಗ್ ಹಿಡಿದಿದ್ದ ತಮ್ಮ ಗಾಜು ಇಳಿಸಿ, ಅಜ್ಜ ಎಂತ ಹೇಳಿದರು ಅಕ್ಕಾ ಎಂದು ಕೇಳಿದ. ಅವನಾಗಲೇ ಊರಿಗೆ ಫೋನು ಹಚ್ಚಿದ್ದ, ಆ ಕಡೆ ಅವನ ಹೆಂಡತಿಯ ನಗು ನನಗೂ ಕೇಳಿಸುತ್ತಿತ್ತು. ಸುಸ್ತಾಗಿದೆಯಂತೆ ಎಂದು ಹೇಳಿ, ಅಜ್ಜನನ್ನು ಮೆಲ್ಲಗೆ ಸೀಟಿನಲ್ಲಿ ಕೂರಿಸಿ, ಅವರ ಕೈ ಹಿಡಿದುಕೊಂಡು ನಾನೂ ಪಕ್ಕದಲ್ಲಿ ಕೂತೆ.